ಕೂಡಿದ್ದನ್ನು ಮತ್ತೆ ಕೂಡುವುದೇಕೆ?

— ಒಂದು ಮಾತು ಕೇಳುತ್ತೇನೆ ಮಗಳೇ, ಬೇಜಾರು ಮಾಡಿಕೊಳ್ಳಬೇಡ. ನಮ್ಮ ಹಿರಿಯೂರು ತಾಲ್ಲೂಕಿನ ಬಬ್ಬೂರಿನ ರಸ್ತೆಯಲ್ಲಿ ನಿಂತರೆ ಫೋನು ಚೆನ್ನಾಗಿಯೇ ಕೆಲಸ ಮಾಡುತ್ತದೆ. ತೆಂಗಿನ ತೋಟದೊಳಕ್ಕೆ ಹೋದರೂ ಎರಡು ಕಡ್ಡಿ ಸಿಗ್ನಲ್ ತೋರಿಸುತ್ತಲೇ ಇರುತ್ತದೆ, ಆದರೆ ನಾವು ಆಡಿದ್ದು ಆ ಕಡೆಯವರಿಗೆ ಕೇಳುವುದಿಲ್ಲ. ಇನ್ನೊಂದು ಟವರ್ ನೆಟ್ಟರೆ ಮುಗಿಯುವ ಕೆಲಸ ಇದು. ಅದನ್ನು ಬಿಟ್ಟು, ನಿಸ್ತಂತು ಸಂಪರ್ಕದ ಸಂಶೋಧನೆ ಅಂತ ಹೇಳಿ, ಕೂಡುವುದು ಗುಣಿಸುವುದನ್ನು ಬೇಗ ಮುಗಿಸುವುದು ಹೇಗೆ ಅಂತ ಓದಿದವರು ಆಯಸ್ಸು ಸವೆಸಿದರೆ ಹಳ್ಳಿಗೆ ಏನು ಬಂತು?

— ಬೇಜಾರೇನಿಲ್ಲ ದೊಡ್ಡಪ್ಪ. ನೀವು ಹೇಳಿದ ಆ ಎರಡು ಕಡ್ಡಿಯಲ್ಲೇ ಅರ್ಧ ಉತ್ತರ ಇದೆ. ಕಡ್ಡಿ ತೋರಿಸುವುದು ಟವರಿನ ದನಿ ನಿಮ್ಮ ಫೋನಿಗೆ ಎಷ್ಟು ಕೇಳಿಸುತ್ತಿದೆ ಅನ್ನುವುದನ್ನು. ನಿಮ್ಮ ಫೋನಿನ ದನಿ ಟವರಿಗೆ ಎಷ್ಟು ಕೇಳಿಸುತ್ತಿದೆ ಅನ್ನುವುದು ಅದರಲ್ಲಿ ಕಾಣುವುದಿಲ್ಲ. ಟವರು ಹತ್ತಾರು ವ್ಯಾಟ್ ಶಕ್ತಿಯಲ್ಲಿ ಕೂಗುತ್ತದೆ. 4ಜಿ ಫೋನು ಸಾಮಾನ್ಯವಾಗಿ ಹೆಚ್ಚೆಂದರೆ 200 ಮಿಲಿವ್ಯಾಟ್, ಅಂದರೆ ಒಂದು ವ್ಯಾಟಿನಲ್ಲಿ ಐದನೇ ಒಂದು ಪಾಲು. ಜಾತ್ರೆಯಲ್ಲಿ ಮೈಕು ಹಿಡಿದವರ ಮಾತು ಊರಾಚೆಗೂ ಕೇಳುತ್ತದೆ, ಜನರ ನಡುವೆ ನಿಂತು ಉತ್ತರ ಕೊಟ್ಟವರ ಮಾತು ವೇದಿಕೆಗೆ ಮುಟ್ಟುವುದಿಲ್ಲ. ತೋಟದಲ್ಲಿ ಆಗುವುದು ಬಹುಮಟ್ಟಿಗೆ ಅದೇ. ತೆಂಗಿನ ಗರಿಯಲ್ಲಿ ನೀರಿನಂಶ ಇರುತ್ತದೆ, ರೇಡಿಯೊ ಅಲೆ ಅದನ್ನು ಹಾದು ಬರುವಾಗ ಸೊರಗುತ್ತದೆ. ಎರಡೂ ಕಡೆಯ ದನಿ ಒಂದೇ ಪ್ರಮಾಣದಲ್ಲಿ ಸೊರಗಿದರೂ, ಮೊದಲೇ ಸಣ್ಣದಿದ್ದ ಫೋನಿನ ದನಿ ಮೊದಲು ಅಡಗುತ್ತದೆ. ಫೋನಿನ ಶಕ್ತಿ ಹೆಚ್ಚಿಸೋಣ ಎಂದರೆ ಬ್ಯಾಟರಿ ತಡೆಯುವುದಿಲ್ಲ, ಕಿವಿಗೆ ಒತ್ತಿ ಹಿಡಿಯುವ ಯಂತ್ರಕ್ಕೆ ಶಕ್ತಿಯ ಮಿತಿಯೂ ಇದೆ. ಹಾಗಾಗಿ ಅದೇ ಸಣ್ಣ ದನಿಯಿಂದ ಹೆಚ್ಚು ಮಾತು ಹಿಂಡಿಕೊಳ್ಳಬೇಕು. ಆ ಹಿಂಡುವ ಕೆಲಸ ಪೂರ್ತಿ ಲೆಕ್ಕದ್ದು. ಲೆಕ್ಕ ಹಗುರವಾದಷ್ಟೂ ಸಣ್ಣ ಬ್ಯಾಟರಿ, ಸಣ್ಣ ಚಿಪ್, ಕಡಿಮೆ ಕರೆಂಟು ಸಾಕಾಗುತ್ತದೆ. ವೇಗದ ಅಲ್ಗಾರಿದಮ್ ಎಂಬುದನ್ನು ನಾನು ಇರುವಷ್ಟರಲ್ಲಿ ಸಾಲಿಸುವ ವಿದ್ಯೆ ಎಂದೇ ತಿಳಿದಿದ್ದೇನೆ. ಊರುಗಳು ದೂರ ದೂರ, ಗಳಿಕೆ ಕಡಿಮೆ ಇರುವ ನಮ್ಮಂಥ ಸೀಮೆಗೆ ಅದು ಎಲ್ಲರಿಗಿಂತ ಮೊದಲು ಬೇಕು. ಅದರ ಪ್ರಶ್ನೆಗಳೂ ಇಂಥ ಸೀಮೆಯಿಂದಲೇ ಹುಟ್ಟಬೇಕು.

— ಲೆಕ್ಕ ಹಗುರ ಮಾಡುವುದು ಅಂದರೇನು? ನಾಲ್ಕು ನಾಲ್ಕಲಿ ಹದಿನಾರು. ಯಾರು ಮಾಡಿದರೂ ಹದಿನಾರೇ. ಬೇಗ ಮಾಡಿದರೆ ಹದಿನೈದಾಗುತ್ತದೆಯೇ?

— ಉತ್ತರ ಬದಲಾಗುವುದಿಲ್ಲ, ದಾರಿ ಬದಲಾಗುತ್ತದೆ. ನಾಲ್ಕೇ ಸಂಖ್ಯೆ ತೆಗೆದುಕೊಳ್ಳೋಣ: 5, 3, 1, 3. ಆಂಟೆನಾಕ್ಕೆ ಒಂದರ ಹಿಂದೆ ಒಂದು ಬಂದ ನಾಲ್ಕು ಅಳತೆ ಅಂದುಕೊಳ್ಳಿ. ಇದರೊಳಗೆ ಸ್ಥಿರವಾದ ಭಾಗ ಎಷ್ಟು, ಏರಿಳಿಯುವ ಅಲೆ ಎಷ್ಟು ಎಂದು ಬಿಡಿಸಿ ಹೇಳಬೇಕು. ನೇರ ದಾರಿಯಲ್ಲಿ ಹೋದರೆ ನಾಲ್ಕು ಉತ್ತರ ಬೇಕು, ಪ್ರತಿ ಉತ್ತರಕ್ಕೂ ನಾಲ್ಕು ಗುಣಾಕಾರ, ಒಟ್ಟು ಹದಿನಾರು. ಈಗ ಇನ್ನೊಂದು ದಾರಿ ನೋಡಿ. ಮೊದಲನೆಯದಕ್ಕೆ ಮೂರನೆಯದನ್ನು ಕೂಡಿ: 6. ಮೊದಲನೆಯದರಲ್ಲಿ ಮೂರನೆಯದನ್ನು ಕಳೆಯಿರಿ: 4. ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹೀಗೇ ಮಾಡಿ: 6 ಮತ್ತು 0. ಇನ್ನು ಈ ನಾಲ್ಕನ್ನೇ ಒಂದಕ್ಕೊಂದು ಜೋಡಿಸಬೇಕು. ಆರು ಕೂಡಿಸು ಆರು, 12. ಆರರಲ್ಲಿ ಆರು ಕಳೆದರೆ 0. ಉಳಿದ 4 ಮತ್ತು 0ಯಿಂದ ಇನ್ನೆರಡು ಉತ್ತರ, 4 ಮತ್ತು 4. ಹನ್ನೆರಡನ್ನು ನಾಲ್ಕರಿಂದ ಭಾಗಿಸಿದರೆ ಸ್ಥಿರ ಭಾಗ 3. ನಾಲ್ಕು ನಾಲ್ಕು ಸೇರಿ ಎಂಟು, ಅದನ್ನು ನಾಲ್ಕರಿಂದ ಭಾಗಿಸಿದರೆ ಅಲೆಯ ಎತ್ತರ 2. ತಾಳೆ ನೋಡಿ: ಮೂರರ ಮೇಲೆ ಎರಡು ಏರಿದರೆ 5, ನಡುವೆ 3, ಎರಡು ಇಳಿದರೆ 1, ಮತ್ತೆ 3. ಬಂದ ಸಂಖ್ಯೆ ಅವೇ. ಎಂಟು ಸಲ ಕೂಡಿ ಕಳೆದದ್ದು ಬಿಟ್ಟರೆ ಹೇಳಿಕೊಳ್ಳುವಂಥ ಗುಣಾಕಾರವೇ ಇಲ್ಲ. ಗುಟ್ಟು ಇಷ್ಟೇ: ಆ ಆರು ಎಂಬ ಮೊತ್ತ ಎರಡು ಉತ್ತರಗಳಿಗೆ ಬೇಕಿತ್ತು, ಅದನ್ನು ಒಂದೇ ಸಲ ಮಾಡಿ ಪಕ್ಕಕ್ಕಿಟ್ಟುಕೊಂಡೆವು. ನೇರ ದಾರಿ ಕೂಡಿದ್ದನ್ನೇ ಮರೆತು ಮತ್ತೆ ಮತ್ತೆ ಕೂಡುತ್ತದೆ. ಇದನ್ನು ವೇಗದ ಫೂರಿಯೆ ರೂಪಾಂತರ, ಎಫ್‌ಎಫ್‌ಟಿ, ಎನ್ನುತ್ತಾರೆ.

— ಹದಿನಾರು ಎಂಟಾಯಿತು. ಒಪ್ಪಿದೆ. ಇಷ್ಟಕ್ಕೆ ಇಷ್ಟೊಂದು ಸಂಭ್ರಮವೇ?

— ನಾಲ್ಕು ಸಂಖ್ಯೆಯಲ್ಲಿ ಸಂಭ್ರಮಪಡುವಂಥದ್ದೇನೂ ಇಲ್ಲ. ಫೋನಿನೊಳಗೆ ನಾಲ್ಕು ಸಂಖ್ಯೆ ಇರುವುದಿಲ್ಲವಲ್ಲ. 4ಜಿಯಲ್ಲಿ 20 ಮೆಗಾಹರ್ಟ್ಸ್ ಅಗಲದ ಪಟ್ಟಿ ಬಳಸುವಾಗ ಒಂದೊಂದು ಸಲಕ್ಕೆ 2048 ಅಳತೆಗಳನ್ನು ಬಿಡಿಸಬೇಕು. ನೇರ ದಾರಿಯಲ್ಲಿ ಅದು 2048ರ ವರ್ಗ, ಸುಮಾರು 42 ಲಕ್ಷ ಗುಣಾಕಾರ. ಎಫ್‌ಎಫ್‌ಟಿಯಲ್ಲಿ 11,264. ಈ ಬಿಡಿಸುವ ಕೆಲಸ ಸೆಕೆಂಡಿಗೆ 14,000 ಸಲ ಆಗಬೇಕು. ನೇರ ದಾರಿ ಹಿಡಿದರೆ ಸೆಕೆಂಡಿಗೆ 5,800 ಕೋಟಿಗೂ ಹೆಚ್ಚು ಗುಣಾಕಾರ, ಎಫ್‌ಎಫ್‌ಟಿ ಹಿಡಿದರೆ ಹೆಚ್ಚುಕಡಿಮೆ 16 ಕೋಟಿ. ಒಂದು ಆಂಟೆನಾಕ್ಕೆ ಇಷ್ಟು. ಮೊದಲನೆಯ ಲೆಕ್ಕ ಹೊತ್ತ ಫೋನು ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗುತ್ತಿತ್ತು.

ಇಷ್ಟು ಸಣ್ಣ ಸಣ್ಣ ಅಲೆಗಳಾಗಿ ಏಕೆ ಒಡೆಯಬೇಕು ಎಂದು ಕೇಳಿದರೆ, ಅದಕ್ಕೆ ಉತ್ತರ ನಮ್ಮ ಚಿತ್ರದುರ್ಗದ ಬೆಟ್ಟಗಳಲ್ಲೇ ಇದೆ. ಟವರಿನಿಂದ ಹೊರಟ ಅಲೆ ಒಂದು ನೇರವಾಗಿ ಬರುತ್ತದೆ, ಇನ್ನೊಂದು ಜೋಗಿಮಟ್ಟಿಯಂಥ ಗುಡ್ಡಕ್ಕೆ ಬಡಿದು ಸುತ್ತಿ ಬರುತ್ತದೆ. ಕೋಟೆಯಲ್ಲಿ ಕೂಗಿದರೆ ಬಂಡೆಯಿಂದ ದನಿ ಮರಳಿ ಬರುವ ಹಾಗೆ. ತಡವಾಗಿ ಬಂದ ಹಳೆಯ ಮಾತು ಹೊಸ ಮಾತಿನ ಮೇಲೆ ಬಿದ್ದು ಎರಡೂ ಕಲಸಿ ಹೋಗುತ್ತವೆ. ಹಿಂದಿನ ಪದ್ಧತಿಯಲ್ಲಿ ಈ ಕಲಸು ಬಿಡಿಸಲು ಭಾರಿ ಲೆಕ್ಕ ಹಾಕಬೇಕಿತ್ತು. ಒಂದು ದೊಡ್ಡ ಓಟದ ಮಾತನ್ನು 1200 ನಿಧಾನದ ಅಲೆಗಳಿಗೆ ಹಂಚಿ, ಪ್ರತಿ ತುಣುಕಿನ ಬಾಲವನ್ನು ಅದರ ತಲೆಯ ಮುಂದೆ ಇನ್ನೊಮ್ಮೆ ಅಂಟಿಸಿಬಿಟ್ಟರೆ ಆ ತೊಡಕು ತಪ್ಪುತ್ತದೆ. 4ಜಿಯಲ್ಲಿ ಆ ಅಂಟಿಸಿದ ತುಂಡು 4.7 ಮೈಕ್ರೋಸೆಕೆಂಡ್. ರೇಡಿಯೊ ಅಲೆ ಒಂದು ಮೈಕ್ರೋಸೆಕೆಂಡಿಗೆ 300 ಮೀಟರ್ ಹೋಗುತ್ತದೆ, ಹಾಗಾಗಿ ನೇರ ದಾರಿಗಿಂತ ಸುಮಾರು 1,400 ಮೀಟರ್ ಹೆಚ್ಚು ಸುತ್ತಿ ಬಂದ ಪ್ರತಿಧ್ವನಿಯೂ ಮಾತು ಕೆಡಿಸುವುದಿಲ್ಲ. ಆಮೇಲೆ ಒಂದೊಂದು ಅಲೆಯನ್ನು ಒಂದೊಂದು ಸಂಖ್ಯೆಯಿಂದ ಭಾಗಿಸಿದರೆ ಸಾಕು. 1971ರಲ್ಲಿ ಬೆಲ್ ಲ್ಯಾಬ್ಸ್‌ನ ವೈನ್‌ಸ್ಟೈನ್ ಮತ್ತು ಈಬರ್ಟ್ ಈ ಹಂಚುವ ಕೆಲಸವನ್ನು ಫೂರಿಯೆ ರೂಪಾಂತರದಿಂದಲೇ ಮಾಡಬಹುದೆಂದು ತೋರಿಸಿದರು. ಎಫ್‌ಎಫ್‌ಟಿ ಇಲ್ಲದಿದ್ದರೆ ಆ ಯೋಚನೆ ಕಾಗದದ ಮೇಲೇ ಉಳಿಯುತ್ತಿತ್ತು.

— ನಿನ್ನ ಮಾತಿನಲ್ಲೇ ನನ್ನ ಆಕ್ಷೇಪ ಇದೆ ಕಣವ್ವ. ಚಿಪ್ಪು ವರ್ಷ ವರ್ಷಕ್ಕೂ ಚುರುಕಾಗುತ್ತದೆ ಅಂತ ನೀವೇ ಹೇಳುತ್ತೀರಿ. ಸ್ವಲ್ಪ ತಡೆದರೆ ನಿಮ್ಮ 5,800 ಕೋಟಿಯನ್ನೂ ಅದು ನುಂಗುತ್ತದೆ. ಲೆಕ್ಕ ಉಳಿಸಲು ತಲೆ ಕೆಡಿಸಿಕೊಳ್ಳುವುದು ಏಕೆ?

— ತಡೆಯಬೇಕಾದದ್ದು ಎಷ್ಟು ಎಂದು ನೋಡೋಣ. ನೇರ ದಾರಿಗೂ ಎಫ್‌ಎಫ್‌ಟಿಗೂ 2048ರ ಲೆಕ್ಕದಲ್ಲಿ ಸುಮಾರು 372 ಪಟ್ಟು ವ್ಯತ್ಯಾಸ. ಚಿಪ್ಪು ಎರಡು ವರ್ಷಕ್ಕೊಮ್ಮೆ ದುಪ್ಪಟ್ಟು ಚುರುಕಾಗುತ್ತದೆ ಎಂದೇ ಹಿಡಿದರೂ 372 ಪಟ್ಟು ಮುಟ್ಟಲು ಹದಿನೇಳು ವರ್ಷ. ಹದಿನೇಳು ವರ್ಷದ ಕಾರ್ಖಾನೆಯ ದುಡಿಮೆಗೆ ಸಮನಾದದ್ದನ್ನು ಕಾಗದ ಪೆನ್ಸಿಲು ಒಂದೇ ಏಟಿಗೆ ಕೊಟ್ಟಿತು. ಅಷ್ಟು ಹೊತ್ತಿಗೆ ಬೇಡಿಕೆ ಸುಮ್ಮನೆ ಕೂತಿರುವುದೂ ಇಲ್ಲ. ಅಳತೆಗಳ ಸಂಖ್ಯೆ ದುಪ್ಪಟ್ಟಾದರೆ ನೇರ ದಾರಿಯ ಕೆಲಸ ನಾಲ್ಕು ಪಟ್ಟಾಗುತ್ತದೆ, ಎಫ್‌ಎಫ್‌ಟಿಯದ್ದು ಎರಡು ಪಟ್ಟಿಗಿಂತ ತುಸು ಹೆಚ್ಚು. ಅಂತರ ಹಿಗ್ಗುತ್ತಲೇ ಹೋಗುತ್ತದೆ. ಇನ್ನೊಂದು ವಿಷಯ, ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಚಿಪ್ಪು ಎಷ್ಟೇ ಚುರುಕಾಗಲಿ, ಫೋನಿನಿಂದ ಅಲೆಯನ್ನು ಹೊರಗೆ ನೂಕುವ ಆಂಪ್ಲಿಫೈಯರ್ ಅದೇ ವೇಗದಲ್ಲಿ ಸುಧಾರಿಸುವುದಿಲ್ಲ. ನೂರಾರು ಅಲೆಗಳನ್ನು ಕೂಡಿಸಿ ಕಳಿಸುವಾಗ ಒಮ್ಮೊಮ್ಮೆ ಎಲ್ಲ ಅಲೆಗಳೂ ಒಟ್ಟಿಗೆ ನೆತ್ತಿಗೇರುತ್ತವೆ. ಆ ಒಂದು ಗಳಿಗೆಯ ಎತ್ತರ ತಡೆಯಲೆಂದು ಆಂಪ್ಲಿಫೈಯರ್ ಉಳಿದ ಹೊತ್ತೆಲ್ಲ ತನ್ನ ಶಕ್ತಿ ಬಿಗಿಹಿಡಿದು ದುಡಿಯಬೇಕು. ಬ್ಯಾಟರಿ ಖರ್ಚಾಗುತ್ತದೆ, ದನಿ ಏಳುವುದಿಲ್ಲ. ಇದಕ್ಕೇ 4ಜಿಯಲ್ಲಿ ಫೋನಿನಿಂದ ಟವರಿಗೆ ಹೋಗುವ ದಾರಿಗೆ ಮಾತ್ರ ಬೇರೆ ಏರ್ಪಾಡು ಮಾಡಿದರು: ಅಲೆಗಳಿಗೆ ಹಂಚುವ ಮೊದಲು ಇನ್ನೊಂದು ಫೂರಿಯೆ ರೂಪಾಂತರ. ಅದರಿಂದ ಆ ನೆತ್ತಿಗೇರುವುದು ತಗ್ಗುತ್ತದೆ. ಒಂದು ಲೆಕ್ಕ ಹೆಚ್ಚಿಗೆ ಮಾಡಿ ಆಂಪ್ಲಿಫೈಯರಿನ ಕರೆಂಟು ಉಳಿಸಿದರು. ಲೆಕ್ಕ ಅಗ್ಗವಾಗಿಲ್ಲದಿದ್ದರೆ ಈ ವ್ಯಾಪಾರ ಗಿಟ್ಟುತ್ತಿರಲಿಲ್ಲ.

— ಸರಿ. ಆದರೆ ನೀನು ಹೇಳಿದ ಹೆಸರುಗಳೆಲ್ಲ ಹೊರದೇಶದವು. ಅವರು ಕಂಡುಹಿಡಿಯುತ್ತಾರೆ, ನಾವು ಕೊಂಡು ಬಳಸುತ್ತೇವೆ. ಬಾವಿ ತೋಡುವವರು ತೋಡಲಿ, ನೀರು ಬಂದರಾಯಿತು ಅಂತ ಇರಬಾರದೇ?

— ಬಾವಿ ಎಲ್ಲಿ ತೋಡಬೇಕು ಅನ್ನುವುದನ್ನು ತೋಡುವವನು ತನ್ನ ಅನುಕೂಲ ನೋಡಿ ನಿರ್ಧರಿಸುತ್ತಾನೆ ದೊಡ್ಡಪ್ಪ. ಎಫ್‌ಎಫ್‌ಟಿಯ ಕತೆಯೇ ಅದು. 1965ರಲ್ಲಿ ಕೂಲಿ ಮತ್ತು ಟ್ಯೂಕಿ ಎಂಬಿಬ್ಬರು ಅದನ್ನು ಪ್ರಕಟಿಸಿದಾಗ ಅಮೆರಿಕದವರ ಮನಸ್ಸಿನಲ್ಲಿದ್ದ ಒಂದು ಪ್ರಶ್ನೆ, ಇನ್ನೊಂದು ದೇಶ ನೆಲದಡಿ ಅಣುಬಾಂಬ್ ಸ್ಫೋಟಿಸಿದರೆ ಭೂಕಂಪನದ ದಾಖಲೆಯಿಂದ ಗುರುತಿಸುವುದು ಹೇಗೆ ಎಂಬುದು. ಅದಕ್ಕೂ ಬಹಳ ಹಿಂದೆ, 1805ರ ಸುಮಾರಿಗೆ, ಜರ್ಮನಿಯ ಗಣಿತಜ್ಞ ಗಾಸ್ ಕ್ಷುದ್ರಗ್ರಹಗಳ ಹಾದಿ ಲೆಕ್ಕ ಹಾಕುವಾಗ ಇದೇ ದಾರಿ ಕಂಡುಕೊಂಡಿದ್ದ. ಅವನು ತೀರಿಕೊಂಡ ಮೇಲೆ 1866ರಲ್ಲಿ ಅದು ಅಚ್ಚಾಯಿತು, ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ. ಒಂದೇ ಲೆಕ್ಕ, ಆದರೆ ಅದನ್ನು ಹೊರಗೆಳೆದದ್ದು ಕಾಲಕ್ಕೆ ತಕ್ಕ ಗರಜು.

ಇನ್ನು ನಮ್ಮವರು ಇಲ್ಲವೇ ಇಲ್ಲ ಎನ್ನುವುದು ಸರಿಯಲ್ಲ. ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಇಂದು ಯುವಿಸಿಇ ಎನ್ನುವ ವಿಶ್ವೇಶ್ವರಯ್ಯನವರ ಹೆಸರಿನ ಕಾಲೇಜಿನಲ್ಲಿ 1961ರಲ್ಲಿ ಇಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋದರು. ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗ, ಚಿತ್ರವೊಂದನ್ನು ಕೊಸೈನ್ ಅಲೆಗಳಾಗಿ ಬಿಡಿಸಿದರೆ ಬಹಳ ಕಡಿಮೆ ಸಂಖ್ಯೆಗಳಲ್ಲಿ ಅದನ್ನು ಹಿಡಿದಿಡಬಹುದು ಎಂದು ಅವರಿಗೆ ಹೊಳೆಯಿತು. 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಹಣ ಕೇಳಿ ಬರೆದರು. ಸಿಗಲಿಲ್ಲ, ಯೋಚನೆ ತೀರಾ ಸರಳವಾಯಿತು ಎಂಬ ಅಭಿಪ್ರಾಯ ಬಂತು. ಹಣವಿಲ್ಲದೆಯೇ ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಟೆಕ್ಸಾಸಿನಲ್ಲಿದ್ದ ಕೆ. ಆರ್. ರಾವ್ ಅವರ ಜೊತೆ ಸೇರಿ ಕೆಲಸ ಮುಂದುವರಿಸಿ 1974ರ ಜನವರಿಯಲ್ಲಿ ಪ್ರಕಟಿಸಿದರು. ಎಫ್‌ಎಫ್‌ಟಿ ಬಳಸಿ ಅದನ್ನು ಬೇಗ ಲೆಕ್ಕ ಹಾಕುವ ದಾರಿಯೂ ಆ ಸಣ್ಣ ಪ್ರಬಂಧದಲ್ಲೇ ಇತ್ತು. ಇಂದು ಫೋನಿನಲ್ಲಿ ಓಡಾಡುವ ಜೆಪೆಗ್ ಫೋಟೊಗಳ ಹೊಟ್ಟೆಯಲ್ಲಿರುವುದು ಆ ಲೆಕ್ಕವೇ. ಸರಳ ಎಂದು ತಳ್ಳಿದ್ದು ಲೋಕವನ್ನೆಲ್ಲ ತುಂಬಿತು. ಕೂಡುವುದು ಕಳೆಯುವುದಕ್ಕೆ ಆಯಸ್ಸು ಸವೆಸುವುದೇಕೆ ಎಂದು ನೀವು ಕೇಳಿದಿರಲ್ಲ, ಹಣ ಕೊಡಬೇಕಾದವರೂ ಅಂದು ಹೆಚ್ಚುಕಡಿಮೆ ಅದನ್ನೇ ಕೇಳಿದ್ದರು.

— ಫೋಟೊ ಅಂದೆಯಲ್ಲ, ಅದು ನಮಗೂ ಬೇಕಾದದ್ದೇ. ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ದಾಳಿಂಬೆ ಕಾಯಿ ಮೇಲೆ ಚುಕ್ಕೆ ಕಂಡರೆ, ಶೇಂಗಾ ಎಲೆಗೆ ಟಿಕ್ಕಾ ರೋಗ ಬಿದ್ದರೆ ಫೋಟೊ ಹೊಡೆದು ವಿಜ್ಞಾನಿಗಳಿಗೆ ಕಳಿಸು ಅನ್ನುತ್ತಾರೆ ಜನ.

— ಹಾಗಾದರೆ ಆ ಎಲೆಯನ್ನೇ ನೋಡೋಣ. ಜೆಪೆಗ್ ಕ್ರಮದಲ್ಲಿ ಚಿತ್ರವನ್ನು ಎಂಟು ಸಾಲು ಎಂಟು ಕಂಬದ ಚೌಕಗಳಾಗಿ ಕತ್ತರಿಸುತ್ತಾರೆ. ಒಂದೊಂದು ಚೌಕದಲ್ಲೂ 64 ಚುಕ್ಕಿ. ಎಲೆಯ ನಡುಭಾಗದ ಚೌಕ ತೆಗೆದುಕೊಂಡರೆ 64 ಚುಕ್ಕಿಗಳೂ ಬಹುತೇಕ ಒಂದೇ ಹಸಿರು. ಕೊಸೈನ್ ರೂಪಾಂತರ ಮಾಡಿದರೆ ಮೇಲಿನ ಎಡಮೂಲೆಯ ಒಂದೆರಡು ಸಂಖ್ಯೆಗಳಿಗೆ ಬೆಲೆ ಬರುತ್ತದೆ, ಉಳಿದವು ಸೊನ್ನೆಗೆ ಹತ್ತಿರ. ಸೊನ್ನೆಗಳನ್ನು ಕಳಿಸಬೇಕಾಗಿಲ್ಲ. ಹೀಗೆ ಕಣ್ಣಿಗೆ ಅಷ್ಟಾಗಿ ಗೊತ್ತಾಗದ ಹಾಗೆ ಫೋಟೊ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ತೋಟದೊಳಗಿನ ಆ ಕುಗ್ಗಿದ ದನಿ ಹತ್ತು ಪಾಲು ಹೊರುವ ಬದಲು ಒಂದು ಪಾಲು ಹೊತ್ತರೆ ಸಾಕು. ಇನ್ನೊಂದು ಟವರ್ ಮಾಡಬೇಕಾಗಿದ್ದ ಕೆಲಸದಲ್ಲಿ ಒಂದಿಷ್ಟನ್ನು ಹೀಗೆ ಲೆಕ್ಕವೇ ಮಾಡಿಬಿಡುತ್ತದೆ.

ಆದರೆ ಇದರ ಅಪಾಯವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಟಿಕ್ಕಾದ ಎಳೆಯ ಚುಕ್ಕೆ ಇರುವ ಚೌಕ ಬೇರೆ. ಅಲ್ಲಿ ಬಣ್ಣ ತಟ್ಟನೆ ಬದಲಾಗುತ್ತದೆ. ತಟ್ಟನೆ ಆಗುವ ಬದಲಾವಣೆ ಕೂತಿರುವುದು ಕೆಳಗಿನ ಬಲಮೂಲೆಯ ಸಂಖ್ಯೆಗಳಲ್ಲಿ. ಮನುಷ್ಯರ ಮುಖ, ಮದುವೆಯ ಫೋಟೊ ನೋಡುವ ಕಣ್ಣಿಗೆ ಆ ಮೂಲೆ ಅಷ್ಟು ಮುಖ್ಯವಲ್ಲ ಎಂದು ಅದನ್ನು ಒರಟಾಗಿ ಕತ್ತರಿಸುವುದು ವಾಡಿಕೆ. ಚಾಟ್ ಆ್ಯಪ್‌ಗಳು ಇನ್ನೊಂದು ಸುತ್ತು ಕುಗ್ಗಿಸಿದರೆ ರೋಗದ ಮೊದಲ ಗುರುತೇ ಅಳಿಸಿಹೋಗಬಹುದು, ವಿಜ್ಞಾನಿಯ ಕೈಗೆ ಆರೋಗ್ಯವಾದ ಎಲೆಯ ಚಿತ್ರ ಸಿಗಬಹುದು. ಯಾವ ಸಂಖ್ಯೆ ಉಳಿಯಬೇಕು, ಯಾವುದನ್ನು ಬಿಡಬಹುದು ಎಂಬ ತೀರ್ಮಾನ ಗಣಿತದಿಂದ ಬರುವುದಿಲ್ಲ. ಚಿತ್ರ ಯಾರಿಗೆ, ಯಾವುದಕ್ಕೆ ಎಂಬುದರಿಂದ ಬರುತ್ತದೆ. ಶೇಂಗಾ ಬೆಳೆಯುವವರ ನಡುವೆ, ಉಳಿಸಬೇಕಾದ ಸಂಖ್ಯೆಗಳ ಪಟ್ಟಿ ತಯಾರಾದರೆ ಅದು ಬೇರೆಯೇ ಇರುತ್ತದೆ. ಕೊಂಡು ತಂದರಾಯಿತು ಎಂಬ ನಿಮ್ಮ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

— ಹೇಳುವುದಕ್ಕೆ ಚೆನ್ನಾಗಿದೆ. ನಮ್ಮ ಹಳ್ಳಿಯ ಗರಜು ನೋಡಿ ಜಗತ್ತು ಎಲ್ಲಾದರೂ ತನ್ನ ನಿಯಮ ಬದಲಿಸಿದ್ದುಂಟೇ?

— ಉಂಟು. 5ಜಿ ಹೇಗಿರಬೇಕೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಪರೀಕ್ಷೆಗಳನ್ನು ಗೊತ್ತುಮಾಡುತ್ತಿದ್ದಾಗ, ಗ್ರಾಮೀಣ ಪ್ರದೇಶ ಎಂದರೆ ಟವರಿನಿಂದ ಟವರಿಗೆ 1,732 ಮೀಟರ್ ಎಂದು ಹಿಡಿದಿದ್ದರು. ನಮ್ಮ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಹಳ್ಳಿ ಹಳ್ಳಿಗೂ ಅಷ್ಟು ಹತ್ತಿರ ಟವರ್ ನಿಲ್ಲಿಸುವುದು ಯಾವ ಕಂಪನಿಗೂ ಗಿಟ್ಟದು. ಭಾರತದವರು ಬೇರೆ ಲೆಕ್ಕ ಇಟ್ಟರು: ಫೈಬರ್ ಕೇಬಲ್ ಗ್ರಾಮ ಪಂಚಾಯಿತಿವರೆಗೆ ಬರುತ್ತದೆ, ಟವರ್ ಅಲ್ಲೇ ನಿಲ್ಲಲಿ, ಸುತ್ತಲಿನ ಹಳ್ಳಿಗಳು ಬಹುಮಟ್ಟಿಗೆ ಮೂರು ಕಿಲೋಮೀಟರ್ ಒಳಗೆ ಸಿಗುತ್ತವೆ. ಹಾಗಾಗಿ ಟವರಿನಿಂದ ಟವರಿಗೆ 6 ಕಿಲೋಮೀಟರ್ ಇಟ್ಟು ಪರೀಕ್ಷೆ ಮಾಡಿ ಎಂದರು. ಒಕ್ಕೂಟ ಒಪ್ಪಿ ಆ ಪರೀಕ್ಷೆಯನ್ನು ಸೇರಿಸಿತು. ಬಬ್ಬೂರು ಫಾರಂ ಇರುವುದು ಮಧ್ಯ ಒಣವಲಯಕ್ಕೆ. ಅಲ್ಲಿ ತಳಿ ಪರೀಕ್ಷೆ ಮಾಡುವವರು ಆಗುಂಬೆಯ ಮಳೆಯನ್ನು ಅಳತೆಗೋಲು ಮಾಡಿಕೊಳ್ಳುವುದಿಲ್ಲವಲ್ಲ, ಇದೂ ಹಾಗೆಯೇ. ಆ 6 ಕಿಲೋಮೀಟರ್ ದಾಟಲು ಬೇಕಾದ ಲೆಕ್ಕವನ್ನು ಐಐಟಿ ಮದ್ರಾಸ್, ಐಐಟಿ ಹೈದರಾಬಾದ್‌ನಂಥ ಕಡೆ ಮಾಡಿದರು. ಫೋನಿನಿಂದ ಹೊರಡುವ ಅಲೆಯ ಏರಿಳಿತವನ್ನು ಬಹುತೇಕ ಸಪಾಟು ಮಾಡುವ ಒಂದು ರೂಪ ಅದು. ಆಂಪ್ಲಿಫೈಯರ್ ತನ್ನ ಪೂರ್ತಿ ಶಕ್ತಿಯಲ್ಲಿ ಕೂಗಬಹುದು. ನೀವು ಮೊದಲು ಹೇಳಿದ ತೆಂಗಿನ ತೋಟದ ತೊಂದರೆಗೆ ನೇರವಾಗಿ ತಾಗುವ ಕೆಲಸ ಇದು. 5ಜಿಐ ಎಂಬ ಹೆಸರಿನಲ್ಲಿ 2021ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು.

— ಆಮೇಲೆ ಅದು ಎಲ್ಲಿ ಹೋಯಿತು? 5ಜಿಐ ಅಂತ ಯಾವ ಫೋನಿನ ಡಬ್ಬಿಯ ಮೇಲೂ ಬರೆದಿಲ್ಲ.

— ಅದೇ ವರ್ಷದ ಕೊನೆಯಲ್ಲಿ ಅದನ್ನು ಜಗತ್ತಿನ ಸಾಮಾನ್ಯ 5ಜಿ ನಿಯಮಾವಳಿಯೊಳಗೆ ಸೇರಿಸಿಕೊಳ್ಳಲು ತೀರ್ಮಾನವಾಯಿತು. ಬೇರೆ ಹೆಸರಿನಲ್ಲಿ ನಿಲ್ಲಲಿಲ್ಲ. ಸೋಲು ಎನ್ನುವವರಿದ್ದಾರೆ. ಬೇರೆಯಾಗಿಯೇ ಉಳಿದಿದ್ದರೆ ನಮ್ಮ ದೇಶಕ್ಕೇ ಪ್ರತ್ಯೇಕ ಚಿಪ್ಪು ಮಾಡಬೇಕಿತ್ತು, ಫೋನಿನ ಬೆಲೆ ಏರುತ್ತಿತ್ತು ಎನ್ನುವವರೂ ಇದ್ದಾರೆ. ನನಗೆ ಎರಡನೆಯ ಮಾತು ಸರಿ ಅನ್ನಿಸುತ್ತದೆ. ಹೆಸರು ಉಳಿಯಲಿಲ್ಲ ಎಂಬ ನೋವು ಇರಲಿ, ಹೊಳೆಗೆ ಸೇರಿದ ಹಳ್ಳದ ನೀರು ಹೊಳೆಯಲ್ಲಿ ಇದ್ದೇ ಇರುತ್ತದೆ. ಆದರೆ ನಿಯಮದಲ್ಲಿ ಸೇರಿದ ಮಾತ್ರಕ್ಕೆ ಯಾವ ಟವರಿನಲ್ಲೂ ಅದು ತಾನಾಗಿ ಚಾಲೂ ಆಗುವುದಿಲ್ಲ. ಕಂಪನಿಗಳು ಬಳಸಬೇಕು, ಬಳಸುತ್ತಿವೆಯೇ ಎಂದು ನಾವು ಕೇಳಬೇಕು. ಗಣಿತ ಅಷ್ಟರ ಮಟ್ಟಿಗೆ ಅಸಹಾಯಕ, ಅದನ್ನು ಒಪ್ಪುತ್ತೇನೆ. ಗುಡ್ಡದ ಮರೆಗೆ ಬಿದ್ದ ಊರಿಗೆ ಟವರೇ ಬೇಕು ಎಂಬುದನ್ನೂ ಒಪ್ಪುತ್ತೇನೆ. ಬಾರದ ಅಲೆಯಿಂದ ಯಾವ ಅಲ್ಗಾರಿದಮ್ಮೂ ಮಾತು ತೆಗೆಯಲಾರದು.

— ಇನ್ನೊಂದು ಆಕ್ಷೇಪ ಇದೆ, ಇದು ಲೆಕ್ಕದ್ದಲ್ಲ, ನೆಲದ್ದು. ಚಳ್ಳಕೆರೆ ಕಡೆ ವಿಜ್ಞಾನ ಬಂತು ಅಂತ ಹೇಳಿ ಅಮೃತಮಹಲ್ ಕಾವಲಿಗೆ ಬೇಲಿ ಬಿತ್ತು. ಸುಮಾರು ಹತ್ತು ಸಾವಿರ ಎಕರೆ. ಕುರಿ ಎಲ್ಲಿ ಮೇಯಬೇಕು?

— ಅದಕ್ಕೆ ನನ್ನ ಹತ್ತಿರ ಸಮರ್ಥನೆ ಇಲ್ಲ ದೊಡ್ಡಪ್ಪ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಅದರ ಆಸುಪಾಸಿನಲ್ಲಿ ಡಿಆರ್‌ಡಿಒ ವಿಮಾನ ಪರೀಕ್ಷಾ ವಲಯಕ್ಕೆ 4,290 ಎಕರೆ. ಅಲ್ಲಿ ನಡೆದ ಕೆಲಸ ಸಣ್ಣದಲ್ಲ. 2023ರ ಏಪ್ರಿಲ್ 2ರ ಬೆಳಿಗ್ಗೆ ಇಸ್ರೊ ತನ್ನ ಮರುಬಳಕೆಯ ವಾಹನವನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟಿತು. ಅದು ತಾನೇ ದಾರಿ ನೋಡಿಕೊಂಡು ಓಡುದಾರಿಗೆ ಇಳಿಯಿತು. 2024ರ ಮಾರ್ಚ್ ಮತ್ತು ಜೂನಿನಲ್ಲಿ ಪುಷ್ಪಕ್ ಹೆಸರಿನಲ್ಲಿ ಮತ್ತೆರಡು ಸಲ. ಗಂಟೆಗೆ 350 ಕಿಲೋಮೀಟರ್ ವೇಗ ಎಂದರೆ ಒಂದು ಮಿಲಿಸೆಕೆಂಡಿನಲ್ಲಿ ಒಂದು ಗೇಣಿನ ಅರ್ಧ, ಹತ್ತು ಸೆಂಟಿಮೀಟರ್. ನೆಲದ ಮೇಲಿಟ್ಟ ಸೂಡೊಲೈಟ್ ಕೇಂದ್ರಗಳು, ದಾರಿ ತೋರುವ ನಾವಿಕ್ ಉಪಗ್ರಹಗಳು, ರಾಡಾರ್ ಎತ್ತರಮಾಪಕ ಎಲ್ಲದರಿಂದ ಬಂದ ಅಲೆಗಳ ಲೆಕ್ಕ ಆ ವೇಗಕ್ಕೆ ಸರಿಯಾಗಿ ಮುಗಿಯಬೇಕು. ಉಪಗ್ರಹದ ದನಿ ಸುತ್ತಲಿನ ಗದ್ದಲಕ್ಕಿಂತ ಸಣ್ಣದಾಗಿ ಬರುತ್ತದೆ. ಮೊಬೈಲಿನ ಜಿಪಿಎಸ್‌ನಲ್ಲೂ 1023 ತುಣುಕಿನ ಒಂದು ಗುರುತಿನ ಸರಣಿಯನ್ನು ಸರಿಸಿ ಸರಿಸಿ ಹೊಂದಿಸಿ ನೋಡಿದರೆ ಮಾತ್ರ ಅದು ಸಿಗುತ್ತದೆ; ಒಂದೊಂದೇ ಸರಿಸಿದರೆ ಹತ್ತು ಲಕ್ಷ ದಾಟುವ ಗುಣಾಕಾರ, ಎಫ್‌ಎಫ್‌ಟಿಯ ಮೂಲಕ ಒಮ್ಮೆಗೇ ಹೊಂದಿಸುವ ದಾರಿ ಅದರ ಸಣ್ಣ ಪಾಲು. ಇಷ್ಟನ್ನು ಹೆಮ್ಮೆಯಿಂದ ಹೇಳಬಲ್ಲೆ. ಆದರೆ ಕಾವಲು ಕಳೆದುಕೊಂಡ ಕುರಿಗಾರರಿಗೆ, ಕಂಬಳಿ ನೇಯುವವರಿಗೆ ಇದು ಉತ್ತರವಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ: ಅಲ್ಗಾರಿದಮ್ ಸಂಶೋಧನೆಗೆ ಬೇಲಿ ಬೇಡ. ನೆಲ ಬೇಡದ ವಿಜ್ಞಾನ ಅದು. ಒಂದು ಮೇಜು, ಓದಿದ ತಲೆ, ಹೊರಗೆ ಹೋಗಿ ಅಳೆಯಲು ಅಗ್ಗದ ಒಂದು ರೇಡಿಯೊ ಇದ್ದರೆ ತಾಲ್ಲೂಕು ಕಾಲೇಜಿನಲ್ಲೂ ನಡೆಯಬಲ್ಲದು. ಹಾಗಿರುವಾಗ ಬೇಲಿಯೊಳಗೆ ಮಾತ್ರ ಏಕಿರಬೇಕು ಎಂಬುದೇ ನನ್ನ ಪ್ರಶ್ನೆಯೂ.

— ಲೆಕ್ಕ ಹಗುರ ಮಾಡಿ ಉಳಿಸಿದ್ದೆಲ್ಲ ಹುಡುಗರ ವಿಡಿಯೊಗೆ ಹೋಗುತ್ತದಲ್ಲ? ಫೋಟೊ ಹತ್ತರಲ್ಲೊಂದು ಪಾಲಾದರೆ ನೂರು ಫೋಟೊ ಕಳಿಸುತ್ತಾರೆ.

— ಹೋಗುತ್ತದೆ. ನಾಲೆ ತೋಡಿದ ಮೇಲೆ ನೀರು ಯಾವ ಬೆಳೆಗೆ ಎಂಬುದನ್ನು ನಾಲೆ ತೀರ್ಮಾನಿಸುವುದಿಲ್ಲ. ಆದರೆ ಮಾರಿಕಣಿವೆಗೆ ಅಣೆ ಕಟ್ಟದೆ ಇದ್ದಿದ್ದರೆ ಆ ಜಗಳಕ್ಕೂ ಅವಕಾಶ ಇರುತ್ತಿರಲಿಲ್ಲ.

— ಹಾಗಾದರೆ ತಾಲ್ಲೂಕು ಕಾಲೇಜಿನ ಹುಡುಗರು ರೇಡಿಯೊ ಹಿಡಿದು ಬಬ್ಬೂರಿಗೆ ಬಂದರು ಅನ್ನು. ಏನು ಅಳೆಯಬೇಕು ಅವರು?

— ಮೊದಲು ತೋಟದಿಂದ ಟವರಿಗೆ ಹೋಗುವ ದನಿಯನ್ನು. ಸಾಲಿನ ಅಂಚಿನಲ್ಲಿ ಒಮ್ಮೆ, ಹತ್ತು ಸಾಲು ಒಳಗೆ ಒಮ್ಮೆ, ಫೋನನ್ನು ಎದೆಯ ಮಟ್ಟದಲ್ಲಿ ಹಿಡಿದು. ಜೊತೆಗೆ ಪ್ರತಿಧ್ವನಿ ಎಷ್ಟು ತಡವಾಗಿ ಬರುತ್ತದೆ ಎಂಬುದನ್ನು. ಬೇರೆ ದೇಶದ ಪೈನ್ ಕಾಡಿನ ಅಳತೆ ತಂದು ತೆಂಗಿನ ತೋಟಕ್ಕೆ ಹಾಕಿದರೆ ಹೊಂದುವುದಿಲ್ಲ.

— ಒಂದು ದಿನ ಬಂದು ಅಳೆದು ಹೋದರೆ ಏನೂ ಗೊತ್ತಾಗುವುದಿಲ್ಲ ಕಣವ್ವ. ಮಳೆ ಬಿದ್ದು ಗರಿ ನೆನೆದಾಗ ಬೇರೆ, ಬೇಸಿಗೆಯಲ್ಲಿ ಬೇರೆ. ಆಷಾಢದ ಗಾಳಿ ಎದ್ದರಂತೂ ಗರಿ ಒಂದು ಗಳಿಗೆ ನಿಂತಲ್ಲಿ ನಿಲ್ಲುವುದಿಲ್ಲ.

— ಗರಿ ಆಡಿದರೆ ದಾರಿಯೂ ಆಡುತ್ತದೆ. ದಾರಿ ಎಷ್ಟು ಬೇಗ ಬದಲಾಗುತ್ತದೆ ಎಂಬುದರ ಮೇಲೆ, ಅದನ್ನು ಫೋನು ಎಷ್ಟು ಸಲ ಅಳೆದು ನೋಡಬೇಕು ಎಂಬುದು ನಿಂತಿದೆ. ಹೆಚ್ಚು ಸಲ ಅಳೆದರೆ ಮಾತಿಗೆ ಜಾಗ ಕಡಿಮೆ, ಕಡಿಮೆ ಸಲ ಅಳೆದರೆ ಲೆಕ್ಕ ಹಳತಾಗುತ್ತದೆ. ಇದನ್ನು ಬರೆದುಕೊಳ್ಳುತ್ತೇನೆ ದೊಡ್ಡಪ್ಪ. ಆಷಾಢದ ಗಾಳಿ ಯಾವ ಹೊತ್ತಿಗೆ ಏಳುತ್ತದೆ, ಯಾವ ಹೊತ್ತಿಗೆ ಇಳಿಯುತ್ತದೆ?

— ಬಿಸಿಲೇರುತ್ತಿದ್ದ ಹಾಗೆ ಏಳುತ್ತದೆ, ದೀಪ ಹಚ್ಚುವ ಹೊತ್ತಾದರೂ ಜಗ್ಗುವುದಿಲ್ಲ. ಪಡುವಣ ದಿಕ್ಕಿನಿಂದ ಬರುತ್ತದೆ ಅಂತಲೂ ಬರೆದುಕೋ. ಅಂಚಿನ ಮೂರು ಸಾಲು ಆಡುವಷ್ಟು ಒಳಗಿನ ಸಾಲು ಆಡುವುದಿಲ್ಲ.